ಆಳು ಮಾಡಿದ್ದು ಹಾಳೇ?

ಕಾಯಿಲೆಯವರನ್ನು ನೋಡಲು ಬರುವವರ ಕೈಯಲ್ಲಿ ಎಳನೀರು ಇರುತ್ತದೆ, ನಾಲಿಗೆಯ ಮೇಲೆ ಸಲಹೆ. ಈ ಆರು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಸಲಹೆ ಇದು: "ಒಬ್ಬ ಬಾಯಿಯನ್ನು ಇಟ್ಟುಕೊಂಡುಬಿಡಿ. ಮುಂಬಯಿಯಲ್ಲಿ ಬಾಯಿಗಳಿಗೇನು ಬರವೇ?" ಹೇಳಿದವರು ಎದ್ದು ಹೋಗುತ್ತಾರೆ. ಅವರು ಕುಡಿದ ಚಹಾದ ಲೋಟ ಸಿಂಕಿನಲ್ಲಿ ಉಳಿಯುತ್ತದೆ. ಆ ಲೋಟವನ್ನು ಯಾರು ತೊಳೆಯಬೇಕು ಎಂಬಷ್ಟೇ ಈ ಬರಹದ ವಿಷಯ.

ಊರಿನವರಿಗಾಗಿ ಒಂದು ಮಾತು. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಮುಂಬಯಿಯ ಬಳಕೆಯಲ್ಲಿ ಮನೆಗೆಲಸದ ಹೆಂಗಸು. ಕನ್ನಡದ ಬಾಯಿ ಇರುವುದು ಮಾತಾಡುವುದಕ್ಕೆ. ಇಲ್ಲಿನ ಬಾಯಿ ಮಾತಾಡಿದರೆ 'ಫಾರ್ ಬೋಲ್ತೆ', ಬಹಳ ಮಾತಾಡುತ್ತಾಳೆ ಎಂದು ಮನೆಯೊಡತಿಯರು ಮುಖ ಸಿಂಡರಿಸುತ್ತಾರೆ. ಮುಂದೆ ನಾನು ಬಾಯಿ ಎಂದಲ್ಲೆಲ್ಲ ಈ ಎರಡನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು.

ನಾನಿರುವುದು ವಿಲೆ ಪಾರ್ಲೆ ಪೂರ್ವದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ವಿಮಾನ ಇಳಿಯುವ ದಾರಿಯಲ್ಲಿ ನಮ್ಮ ಓಣಿಗಳಿವೆ, ಹಾಗಾಗಿ ಕಟ್ಟಡಗಳ ಎತ್ತರಕ್ಕೆ ಮಿತಿ. ಎತ್ತರ ಸಿಗದಿದ್ದರೆ ಬಿಲ್ಡರನಿಗೆ ಲಾಭವಿಲ್ಲ, ಬಿಲ್ಡರ್ ಬಾರದೆ ಲಿಫ್ಟ್ ಬರುವುದಿಲ್ಲ. 'ಫನೆಲ್ ಝೋನ್' ಎಂಬ ಮಾತು ಇಲ್ಲಿನ ಅಜ್ಜಿಯರಿಗೂ ಬಾಯಿಪಾಠ. 1929ರಲ್ಲಿ ಶುರುವಾಗಿ ಇಡೀ ಪೇಟೆಗೆ ಬಿಸ್ಕೀಟಿನ ಪರಿಮಳ ಹಂಚುತ್ತಿದ್ದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಪರಿಮಳ ಹೋಯಿತು, ಹೈವೇಯ ಧೂಳು ಉಳಿಯಿತು. ನನಗಿರುವುದು ಸಂಧಿವಾತ, ರೂಮಟಾಯ್ಡ್ ಎಂಬ ಜಾತಿಯದು. ಬೆಳಿಗ್ಗೆ ಹತ್ತರವರೆಗೆ ಬೆರಳು ಮಡಚುವುದಿಲ್ಲ. ವಾರಕ್ಕೊಮ್ಮೆ ನುಂಗುವ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಕೀಲನ್ನು ಕಾಯುತ್ತದೆ. ಡಾಕ್ಟರರ ಚೀಟಿಯ ಕೊನೆಯಲ್ಲಿ ಪ್ರತಿ ಸಲವೂ ಒಂದು ಸಾಲು: ಧೂಳಿನಿಂದ ದೂರವಿರಿ, ಮನೆ ಸ್ವಚ್ಛವಾಗಿಡಿ. ಮಾತ್ರೆಯ ಸಾಲುಗಳನ್ನು ತೋರಿಸಿದರೆ ಔಷಧಿ ಅಂಗಡಿಯವನು ಡಬ್ಬಿ ಎತ್ತಿ ಕೊಡುತ್ತಾನೆ. ಈ ಕೊನೆಯ ಸಾಲನ್ನು ಯಾವ ಅಂಗಡಿಯಲ್ಲಿ ತೋರಿಸುವುದು?

ನಮ್ಮಲ್ಲಿ ಒಂದು ಗಾದೆ ಇದೆ: ತಾ ಮಾಡುವುದುತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಹೊಲಗದ್ದೆಗೆ ಹೇಳಿದ ಮಾತಿರಬೇಕು, ಅಡುಗೆಮನೆಗೂ ನುಗ್ಗಿತು. ನನ್ನ ಅತ್ತೆ ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಸಾಮಾನ್ಯವಾಗಿ ಬಾಯಿ ತಿಕ್ಕಿಟ್ಟ ಪಾತ್ರೆಯನ್ನು ಬೆಳಕಿಗೆ ಹಿಡಿದು. ಈಗ ನನ್ನ ಮನೆಯಲ್ಲಿ ಈ ಗಾದೆಯನ್ನು ಒಮ್ಮೆ ನಡೆಸಿ ನೋಡಿ. 'ತಾನು' ಎಂಬವಳಿಗೆ ಪೊರಕೆ ಹಿಡಿಯಲು ಆಗದು. 'ಮಗ' ನೋಯ್ಡಾದಲ್ಲಿದ್ದಾನೆ, ಅವನು ಮಾಡುವುದು ಮಧ್ಯಮವೂ ಅಲ್ಲ, ವಿಡಿಯೋ ಕಾಲ್. ಉಳಿದದ್ದು ಆಳು. ಗಾದೆ ಯಾರನ್ನು ಹಾಳೆಂದಿತೋ ಅವಳೊಬ್ಬಳೇ ಈ ಮನೆಯನ್ನು ಹಾಳಾಗದಂತೆ ಹಿಡಿದಿರುವುದು.

ಮಧ್ಯಮವರ್ಗದ ಮಾತುಕತೆಯಲ್ಲಿ ಬಾಯಿಯ ಬಗ್ಗೆ ಎರಡು ಅಭಿಪ್ರಾಯಗಳು ಒಟ್ಟಿಗೇ ಬದುಕಿವೆ. ಒಂದು, ಅವಳು ಅಗ್ಗ, ಮುಂಬಯಿ ಕೊಟ್ಟ ವರ. ಇನ್ನೊಂದು, ಅವಳನ್ನು ನಂಬುವಂತಿಲ್ಲ, ಯಾವಾಗ ಖಾಡಾ ಹಾಕುತ್ತಾಳೋ ದೇವರೇ ಬಲ್ಲ. ಖಾಡಾ ಎಂದರೆ ಹೇಳದೆ ಕೇಳದೆ ತಪ್ಪಿಸಿಕೊಳ್ಳುವುದು. ಆರೋಗ್ಯವಾಗಿದ್ದಾಗ ನಾನೂ ಇವೆರಡನ್ನೂ ನಂಬಿದ್ದೆ. ಕಾಯಿಲೆ ಬಿದ್ದ ಮೇಲೆ ಗೊತ್ತಾಯಿತು: ಅಗ್ಗ ಅನ್ನುವುದು ಲೆಕ್ಕದ ತಪ್ಪು, ನಂಬಿಕೆಗೆಟ್ಟವಳು ಅನ್ನುವುದು ಆ ತಪ್ಪಿನ ಬಡ್ಡಿ.

ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮ ಕಟ್ಟಡದಲ್ಲಿ ಝಾಡೂ-ಪೋಛಾ, ಎಂದರೆ ಗುಡಿಸಿ ಒರೆಸುವುದಕ್ಕೆ ತಿಂಗಳಿಗೆ 1,500 ರೂಪಾಯಿ, ಪಾತ್ರೆಗೆ ಇನ್ನೊಂದು 1,500. ಮೂರು ಸಾವಿರಕ್ಕೆ ಮನೆ ಚೊಕ್ಕಟವಾಗುತ್ತದೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಬಾಯಿ ನಮ್ಮ ಮನೆಯಲ್ಲಿ ಇರುವುದು ದಿನಕ್ಕೆ ನಲವತ್ತು ನಿಮಿಷ. ಅವಳು ಬರುವ ಮೊದಲು ಯಾರೋ ಕುರ್ಚಿ ಮೇಲೆತ್ತಿರಬೇಕು, ನೆಲದ ಮೇಲಿನ ಪೇಪರು ಚಪ್ಪಲಿ ಆಟದ ಸಾಮಾನು ಎತ್ತಿರಬೇಕು, ಹಾಲಿನ ಪಾತ್ರೆಗೆ ನೀರು ಹಾಕಿ ನೆನೆಸಿರಬೇಕು, ಬಕೆಟ್ ತುಂಬಿರಬೇಕು. ಅವಳು ಹೋದ ಮೇಲೆ ಯಾರೋ ಪಾತ್ರೆ ಒರೆಸಿ ಒಳಗಿಡಬೇಕು, ಒಲೆಯ ಕಟ್ಟೆ ತಿಕ್ಕಬೇಕು, ನೆಲ ಒರೆಸುವ ಬಟ್ಟೆ ಒಣಗಿಸಬೇಕು, ಫ್ರಿಜ್ಜಿನೊಳಗೆ ಕೊಳೆತ ಕೊತ್ತಂಬರಿ ಎಸೆಯಬೇಕು, ಹಾಸಿಗೆಯ ಹೊದಿಕೆ ಬದಲಿಸಬೇಕು. ಈ 'ಯಾರೋ' ಯಾರೆಂದು ಹೆಸರಿಡುವ ಅಭ್ಯಾಸ ನಮಗಿಲ್ಲ. ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಸ್ವಲ್ಪ ಹೆಸರಿಟ್ಟಿದೆ: ಮನೆಗೆಲಸದಲ್ಲಿ ತೊಡಗುವ ಹೆಂಗಸು ಸಂಬಳವಿಲ್ಲದೆ ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾಳೆ, ಗಂಡಸು 88. ಇದು ದೇಶದ ಸರಾಸರಿ, ಪಾರ್ಲೆಯದಲ್ಲ. ಆದರೂ 40 ಮತ್ತು 289ನ್ನು ಪಕ್ಕಪಕ್ಕ ಇಟ್ಟು ನೋಡಿ. ಬಾಯಿಯ ಕೆಲಸ ಅಗ್ಗವಾಗಿ ಕಾಣುವುದು ಯಜಮಾನಿಯ ಕೆಲಸಕ್ಕೆ ಬಿಲ್ಲೇ ಇಲ್ಲದಿರುವುದರಿಂದ.

ಖಾಡಾ ಬಿದ್ದ ದಿನ ಏನಾಗುತ್ತಿತ್ತು? ಯಜಮಾನಿ ಸೆರಗು ಸಿಕ್ಕಿಸಿ ತಾನೇ ಮಾಡಿಬಿಡುತ್ತಿದ್ದಳು. ಗೊಣಗುತ್ತಿದ್ದಳು, ಆದರೆ ಮಾಡುತ್ತಿದ್ದಳು. ಇಡೀ ವ್ಯವಸ್ಥೆಗೆ ಅವಳೇ ಸ್ಟೆಪ್ನಿ. ಈಗ ಕಾಯಿಲೆ ಬಿದ್ದಿರುವುದು ಸ್ಟೆಪ್ನಿಗೆ. ಆರೋಗ್ಯವಂತರ ಮನೆಯಲ್ಲಿ ಖಾಡಾ ಒಂದು ಕಿರಿಕಿರಿ. ನನ್ನಂಥವರ ಮನೆಯಲ್ಲಿ ಮೂರು ದಿನದ ಖಾಡಾ ಎಂದರೆ ಸಿಂಕಿನಲ್ಲಿ ಹುಳ, ಬಾತ್‌ರೂಮಿನಲ್ಲಿ ಜಾರುವ ಪಾಚಿ, ಜುಲೈ ಆಗಿದ್ದರೆ ಗೋಡೆಯ ಮೇಲೆ ಬೂಷ್ಟು. "ಬಾಯಿ ಇಟ್ಟುಕೊಳ್ಳಿ" ಎನ್ನುವವರು ಹೇಳುತ್ತಿರುವುದು ತಮ್ಮ ಮನೆಯ ಅನುಭವ. ಅವರ ಮನೆಯಲ್ಲಿ ಬಾಯಿ ಯಜಮಾನಿಯ ಸಹಾಯಕಿ. ನನಗೆ ಬೇಕಾಗಿರುವುದು ಯಜಮಾನಿಯ ಬದಲಿ. ಅದು ಬೇರೆಯೇ ಉದ್ಯೋಗ, ಅದಕ್ಕೆ ಈ ಊರಿನಲ್ಲಿ ಹೆಸರೂ ಇಲ್ಲ, ದರವೂ ಇಲ್ಲ.

ಇನ್ನು ಹೊತ್ತಿನ ಜಗಳ. ನಮ್ಮ ಓಣಿಗೆ ಮುನಿಸಿಪಾಲಿಟಿಯ ನೀರು ಬರುವುದು ಬೆಳಿಗ್ಗೆ. ಬಾಯಿಗೆ ಏಳು ಮನೆ. ನಮ್ಮದು ಎರಡನೆಯದು, ಆರು ಮುಕ್ಕಾಲಕ್ಕೆ. ಸಂಧಿವಾತದವರಿಗೆ ಆರು ಮುಕ್ಕಾಲು ಎಂದರೆ ನಡುರಾತ್ರಿ. ಬೆರಳುಗಳು ಒಣಗಿದ ಸೀಗಡಿಯ ಹಾಗೆ ಬಾಗಿ ಕೂತಿರುತ್ತವೆ. ಬಾಗಿಲಿನ ಲ್ಯಾಚ್ ತಿರುಗಿಸುವುದು ನನ್ನ ದಿನದ ಅತಿ ಕಷ್ಟದ ಕೆಲಸ. ಎರಡು ಸಲ ಬೆಲ್ ಒತ್ತಿ, ಬಾಗಿಲು ತೆರೆಯದೆ, ಅವಳು ಮೂರನೆಯ ಮನೆಗೆ ಇಳಿದುಹೋದ ದಿನಗಳಿವೆ. ಕಟ್ಟಡದ ಲೆಕ್ಕದಲ್ಲಿ ಅದೂ ಖಾಡಾ. ಕೊನೆಗೆ ನಾನು ಅವಳಿಗೆ ಒಂದು ಕೀಲಿ ಕೊಟ್ಟೆ. ಸೆಕ್ರೆಟರಿ ಮನೆಗೇ ಬಂದು, "ಕೀಲಿ ಯಾರಿಗೂ ಕೊಡಬೇಡಿ ಮ್ಯಾಡಮ್, ಪೊಲೀಸರ ಸೂಚನೆ ಇದೆ" ಎಂದರು. ಪೊಲೀಸ್ ವೆರಿಫಿಕೇಶನ್ ಫಾರಂ ತುಂಬಿ ಕೊಟ್ಟಿದ್ದೇನೆ ಎಂದರೂ ಅವರಿಗೆ ಸಮಾಧಾನವಿಲ್ಲ. ನಾಲ್ಕು ವರ್ಷ ಆಯಿತು. ಮನೆಯಲ್ಲಿ ಕಾಣೆಯಾದದ್ದು ಒಂದೇ, ನನ್ನ ಓದುವ ಕನ್ನಡಕ. ಅದು ಸಿಕ್ಕಿದ್ದು ನನ್ನದೇ ದಿಂಬಿನ ಚೀಲದೊಳಗೆ.

"ಹಾಗಾದರೆ ಬ್ಯೂರೋದವರನ್ನು ಕರೆಯಿರಿ" ಎನ್ನುವುದು ಎರಡನೆಯ ಸುತ್ತಿನ ಸಲಹೆ. ರೋಗಿಗಳನ್ನು ನೋಡಿಕೊಳ್ಳುವ ಆಯಾಗಳನ್ನು ಕಳಿಸುವ ಬ್ಯೂರೋಗಳು ದೊಡ್ಡ ಆಸ್ಪತ್ರೆಗಳ ಸುತ್ತ ಬೇಕಾದಷ್ಟಿವೆ. ಕಳೆದ ವರ್ಷ ಮೊಣಕಾಲಿನ ಆಪರೇಶನ್ ಆದಾಗ ನಾನೂ ಒಂದರಿಂದ ಆಯಾಳನ್ನು ತರಿಸಿದೆ. ಹನ್ನೆರಡು ಗಂಟೆಯ ಪಾಳಿಗೆ 900 ರೂಪಾಯಿ, ತಿಂಗಳಿಗೆ 27,000. ಪಿಂಚಣಿದಾರಳ ಮನೆಯಲ್ಲಿ ಅದು ಭೂಕಂಪ. ಅಷ್ಟು ಕೊಟ್ಟ ಮೇಲೆ ತಿಳಿದದ್ದು, ಆಯಾ 'ಪೇಶಂಟಿನ ಕೆಲಸ' ಮಾತ್ರ ಮಾಡುತ್ತಾಳೆ. ನನ್ನ ಹಾಸಿಗೆ ಅವಳದು, ಹಾಸಿಗೆಯ ಕೆಳಗಿನ ನೆಲ ಅವಳದಲ್ಲ. ನನ್ನ ತಟ್ಟೆ ತೊಳೆಯುತ್ತಾಳೆ, ಅದರಲ್ಲಿ ಬಡಿಸಿದ ಸಾರಿನ ಪಾತ್ರೆ ತೊಳೆಯುವುದಿಲ್ಲ. ಬಾಯಿಯನ್ನು ಕೇಳಿದರೆ, ಅವಳು ನೆಲ ಒರೆಸುತ್ತಾಳೆ, ಪೇಶಂಟಿನ ಪಾಟ್ ಇರುವ ಮೂಲೆಗೆ ಬರುವುದಿಲ್ಲ. ಮನೆಯ ಮಧ್ಯದಲ್ಲಿ ಕಾಣದ ಗಡಿರೇಖೆ, ಅದರ ಮೇಲೆ ನಾನು ವಾಕರ್ ಹಿಡಿದು ನಿಂತಿದ್ದೆ.

ಇದನ್ನು ಹೇಳಿದಾಗ ನಮ್ಮವರೆಲ್ಲ "ಈಗ ಇವರಿಗೆಲ್ಲ ಎಷ್ಟು ಸೊಕ್ಕು ನೋಡಿ" ಎಂದು ತಲೆಯಾಡಿಸುತ್ತಾರೆ. ಸೊಕ್ಕು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಆ ಗಡಿಯನ್ನು ಎಳೆದವರು ಅವರಲ್ಲ, ನಾವು. ಯಾರು ಪಾತ್ರೆ ಮುಟ್ಟಬಹುದು, ಯಾರು ಸಂಡಾಸು ತೊಳೆಯಬೇಕು, ಯಾರ ಲೋಟ ಕಿಟಕಿಯ ಹೊರಗೆ ಇಡಬೇಕು ಎಂದು ತಲೆಮಾರುಗಟ್ಟಲೆ ಪಾಠ ಮಾಡಿದವರು ನಾವು. ಇವತ್ತಿಗೂ ನಮ್ಮ ಕಟ್ಟಡದಲ್ಲಿ ಸಂಡಾಸು ತೊಳೆಯಲು ವಾರಕ್ಕೊಮ್ಮೆ ಬೇರೆಯದೇ ಮನುಷ್ಯ ಬರುತ್ತಾನೆ. ಅವನಿಗೆ ಅಡುಗೆಮನೆಯ ನೀರು ಕೊಡುವುದಿಲ್ಲ. ಯಾವ ಜಾತಿಯವನು ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕಾಯಿಲೆಯವರ ಮಲಮೂತ್ರ ಮುಟ್ಟಿದ ಬಾಯಿಯ ಕೈಯಲ್ಲಿ ಉಳಿದ ಆರು ಮನೆಯವರು ಪಾತ್ರೆ ತೊಳೆಸಿಕೊಳ್ಳುತ್ತಾರೆಯೇ? ಇಲ್ಲ. ಇದು ಅವಳಿಗೆ ಗೊತ್ತು. ನನ್ನ ಮನೆಯ ಒಂದು ಪಾಟ್ ಎತ್ತಿದರೆ ಅವಳು ಆರು ಮನೆ ಕಳೆದುಕೊಳ್ಳಬಹುದು. ಆ ಅಪಾಯಕ್ಕೆ ನಾನು ಕೊಡುತ್ತಿದ್ದ ಹೆಚ್ಚಳ ತಿಂಗಳಿಗೆ ಮುನ್ನೂರು ರೂಪಾಯಿ. ಸೊಕ್ಕು ಯಾರದು? ನಮ್ಮ ಮಡಿ-ಮೈಲಿಗೆಯೇ ತಿರುಗಿ ಬಂದು ನಾವು ಹಾಸಿಗೆ ಹಿಡಿದ ದಿನ ಬಾಗಿಲು ತಟ್ಟುತ್ತದೆ. ಇದನ್ನು ಬರೆಯುವಾಗ ಅತ್ತೆಯ ಮುಖ ನೆನಪಾಗುತ್ತದೆ, ಕೊನೆಯ ಎರಡು ವರ್ಷ ಅವರನ್ನು ತೊಳೆದು ಒರೆಸಿದವಳು ನಾನೊಬ್ಬಳೇ, ಯಾಕೆಂದರೆ ಬೇರೆಯವರು ಮುಟ್ಟಬಾರದೆಂದು ಅವರದೇ ಹಠ.

ಹಳೆಯ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದಕ್ಕೊಂದು ಪರಿಹಾರವಿತ್ತು, ಅದನ್ನು ಈಗ ಬಂಗಾರದ ಕಾಲವೆಂಬಂತೆ ನೆನೆಯುವವರಿದ್ದಾರೆ. "ಆಗೆಲ್ಲ ಮನೆಯವರೇ ನೋಡಿಕೊಳ್ಳುತ್ತಿದ್ದರು." ಯಾವ ಮನೆಯವರು? ಮಾಟುಂಗದ ಎರಡು ಕೋಣೆಯ ಮನೆಗಳಲ್ಲಿ ಒಬ್ಬ ವಿಧವೆ ಅತ್ತೆಯೋ ಚಿಕ್ಕಮ್ಮನೋ ಮೂಲೆಯಲ್ಲಿ ಮಲಗುತ್ತಿದ್ದರು. ಅವರಿಗೆ ಊಟ, ವರ್ಷಕ್ಕೆ ಎರಡು ಸೀರೆ. ಬಾಣಂತನವೂ ಅವರದೇ, ರೋಗಿಯ ಆರೈಕೆಯೂ ಅವರದೇ. ಅವರು ಇಲ್ಲದ ಮನೆಗೆ ಕುಂದಾಪುರದ ಕಡೆಯಿಂದಲೋ ಕುಮಟೆಯ ಕಡೆಯಿಂದಲೋ 'ಓದಿಸುತ್ತೇವೆ' ಎಂದು ಒಂದು ಹುಡುಗಿ ಬರುತ್ತಿದ್ದಳು. ಓದಿದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಹೆಚ್ಚಿನವರು ಓದಿದ್ದು ಪಾತ್ರೆಯ ತಳವನ್ನು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಿಂದ. ಅಷ್ಟು ತಡವಾಗಿ. ಕುಟುಂಬವೇ ನೋಡಿಕೊಳ್ಳುತ್ತಿತ್ತು ಎಂಬ ಹೆಮ್ಮೆಯೊಳಗೆ ದಿಕ್ಕಿಲ್ಲದವಳೊಬ್ಬಳ ಪುಕ್ಕಟೆ ದುಡಿಮೆ ಅಡಗಿತ್ತು. ಆ ಕಾಲ ಮುಗಿದದ್ದಕ್ಕೆ ನನಗೆ ದುಃಖವಿಲ್ಲ. ದುಃಖವೇನಿದ್ದರೂ, ಅವಳು ಮಾಡುತ್ತಿದ್ದ ಕೆಲಸಕ್ಕೆ ಬೆಲೆ ಕಟ್ಟುವ ಮೊದಲೇ ಅವಳನ್ನು ಮರೆತೆವಲ್ಲ ಎಂದು.

ಈಗ ನನ್ನ ಮನೆಗೆ ಬರುವವಳ ಮಾತು. ಹೆಸರು ಬೇಡ. ಅವಳ ತಂದೆ ತಾಯಿ ಕಲಬುರಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವಳ ಕನ್ನಡ ನನ್ನ ಕನ್ನಡಕ್ಕಿಂತ ಖಡಕ್. ನಮ್ಮಿಬ್ಬರಿಗೂ ಒಂದೇ ಭಾಷೆ ಎಂದು ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಇಬ್ಬರೂ ಮುರುಕು ಮರಾಠಿಯಲ್ಲಿ ಏಗುತ್ತಿದ್ದೆವು. ಒಂದು ದಿನ ಫೋನಿನಲ್ಲಿ ಅವಳು ಮಗಳಿಗೆ "ಏನ್ ಹಚ್ಚೀಯವ್ವ, ಉಂಡು ಸಾಲಿಗಿ ಹೋಗು" ಅಂದಾಗ ನನ್ನ ಕೈಯಿಂದ ಚಮಚ ಬಿತ್ತು. ಮುಂಬಯಿಯ ಕನ್ನಡ ಸಮಾಜದ ಬಗ್ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವಳು ಜ್ವರ ಹೊತ್ತುಕೊಂಡೇ ಕೆಲಸಕ್ಕೆ ಬಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮನ್ನು ನುಂಗುತ್ತಿದ್ದಳು. ರಜೆ ಕೇಳಿದರೆ ಸಂಬಳ ಕಡಿತ, ನಾಲ್ಕು ದಿನ ತಪ್ಪಿದರೆ ಮನೆಯೇ ಹೋಗುತ್ತದೆ. ಕೆಳಗಿನ ಮಹಡಿಯಲ್ಲಿ ಹಾಗೆ ಆದದ್ದನ್ನು ಅವಳು ಕಂಡಿದ್ದಳು. ಮೂರನೆಯ ದಿನ ಜ್ವರ ನನಗೆ ಬಂತು. ನನ್ನಂಥವರಿಗೆ ಸೋಂಕು ಬಂದರೆ ವಾರದ ಮಾತ್ರೆ ನಿಲ್ಲಿಸಬೇಕು. ಮಾತ್ರೆ ನಿಂತರೆ ಕೀಲುಗಳು ಬಾತು ಕೂರುತ್ತವೆ. ಆ ಸಲ ನಾನು ಸರಿಹೋಗಲು ಎರಡು ತಿಂಗಳು ಬೇಕಾಯಿತು. ಅವಳ ಮೇಲೆ ಸಿಟ್ಟು ಬಂತು ಎಂದು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಆಮೇಲೆ ಲೆಕ್ಕ ಹಾಕಿದೆ. ಅವಳ ನಾಲ್ಕು ದಿನದ ಸಂಬಳ ನನ್ನ ಮನೆಯ ಪಾಲಿಗೆ 400 ರೂಪಾಯಿ. ಅದನ್ನು ಉಳಿಸುವ ಈ ಊರಿನ ರೂಢಿಯಿಂದ ನಾನು ಕಳೆದುಕೊಂಡದ್ದು ಆಸ್ಪತ್ರೆ, ರಕ್ತಪರೀಕ್ಷೆ, ಸ್ಟೀರಾಯ್ಡ್ ಸೇರಿ ಹದಿನೆಂಟು ಸಾವಿರ. ಅಂದಿನಿಂದ ಅವಳ ಜ್ವರದ ದಿನಗಳಿಗೆ ನಾನು ಪೂರಾ ಸಂಬಳ ಕೊಡುತ್ತೇನೆ. ಇದರಲ್ಲಿ ದಾನಧರ್ಮ ಏನಿಲ್ಲ. ನನ್ನ ಔಷಧದ ಖರ್ಚಿನ ಪುಟದಲ್ಲೇ ಅದನ್ನು ಬರೆದಿಡುತ್ತೇನೆ, ಫೋಲಿಕ್ ಆಸಿಡ್ ಮಾತ್ರೆಯ ಕೆಳಗೆ.

ಆದರೆ ನಾನೊಬ್ಬಳು ಕೊಟ್ಟರೆ ಸಾಲದು, ಉಳಿದ ಆರು ಮನೆಯವರು ಕೊಡದಿದ್ದರೆ ಅವಳು ಜ್ವರದಲ್ಲೇ ಆ ಮನೆಗಳಿಗೆ ಹೋಗುತ್ತಾಳೆ. ಇಲ್ಲಿ ಕಾನೂನು ಬರಬೇಕಿತ್ತು. ಕಾರ್ಖಾನೆಯಲ್ಲಿ ಬಿಸ್ಕೀಟಿನ ಪೊಟ್ಟಣ ಕಟ್ಟುವವಳಿಗೆ ಇಎಸ್‌ಐ ಯೋಜನೆಯಡಿ ಕಾಯಿಲೆ ಬಿದ್ದರೆ ಕೂಲಿಯ ಶೇ. 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆ ಬಿಸ್ಕೀಟನ್ನು ಅದ್ದಿ ತಿಂದ ಲೋಟ ತೊಳೆಯುವವಳಿಗೆ ಏನೂ ಇಲ್ಲ. ಪುಣೆಯಲ್ಲಿ 1980ರಲ್ಲೇ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿ ಮೋಲ್‌ಕರೀಣ್ ಸಂಘಟನೆ ಕಟ್ಟಿದರು. ಮಹಾರಾಷ್ಟ್ರ ಅವರಿಗಾಗಿ ಕಲ್ಯಾಣ ಮಂಡಳಿಯ ಕಾಯ್ದೆ ತಂದದ್ದು 2008ರಲ್ಲಿ. ಮಂಡಳಿಯಿಂದ ಬಂದದ್ದರಲ್ಲಿ ಹೆಚ್ಚು ಜನರಿಗೆ ನೆನಪಿರುವುದು 55 ದಾಟಿದ ನೋಂದಾಯಿತರಿಗೆ ಒಮ್ಮೆ ಕೊಡುವ 10,000 ರೂಪಾಯಿಯ 'ಸನ್ಮಾನಧನ', ಮತ್ತೆ 2021ರ ಕೋವಿಡ್ ನಿರ್ಬಂಧದ ದಿನಗಳ 1,500. ಸನ್ಮಾನ ಎಂಬ ಶಬ್ದಕ್ಕೆ ನಗಬೇಕೋ ಅಳಬೇಕೋ. ನಮ್ಮ ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು ಎಂದು ಇಲ್ಲಿನ ಗೆಳೆಯರ ಎದುರು ಹೆಮ್ಮೆಯಿಂದ ಹೇಳುತ್ತೇನೆ, ಬೆಂಗಳೂರಿನ ತಂಗಿಗೆ ಆ ಕೂಲಿ ಎಷ್ಟೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ದೆಹಲಿಯ ಕಥೆಯೂ ಅಷ್ಟೆ. ಮನೆಗೆಲಸದವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2011ರಲ್ಲಿ ಭಾರತ ಕೈ ಎತ್ತಿತು, ಸಹಿ ಹಾಕಿ ಅಂಗೀಕರಿಸಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಕಾನೂನು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದಿತು.

ಅದೇ 2025ರ ಮಾರ್ಚಿನಲ್ಲಿ ಅರ್ಬನ್ ಕಂಪನಿ ಮುಂಬಯಿಯಲ್ಲಿ ಹದಿನೈದು ನಿಮಿಷದಲ್ಲಿ ಬಾಯಿ ಕಳಿಸುವ ಸೇವೆ ಶುರುಮಾಡಿತು. ಹೆಸರು 'ಇನ್‌ಸ್ಟಾ ಮೇಡ್ಸ್', ಆರಂಭದ ದರ ಗಂಟೆಗೆ 49 ರೂಪಾಯಿ. ಮೇಡ್ ಎಂಬ ಶಬ್ದಕ್ಕೆ ಜನ ಬೈದ ಮೇಲೆ 'ಇನ್‌ಸ್ಟಾ ಹೆಲ್ಪ್' ಆಯಿತು. ನನ್ನ ಗೆಳತಿಯರು ಇದನ್ನು ಬೈಯಲು ತುದಿಗಾಲಲ್ಲಿದ್ದರು. ನಾನು ಪೂರ್ತಿ ಬೈಯಲಾರೆ. ಬಾಯಿಯ ದುಡಿಮೆಯನ್ನು ತಿಂಗಳಿನ ಲೆಕ್ಕದಲ್ಲಲ್ಲದೆ ಗಂಟೆಯ ಲೆಕ್ಕದಲ್ಲಿ, ನನಗೆ ಬೇಕಾದ ಹೊತ್ತಿಗೆ, ಮಧ್ಯಾಹ್ನ ಮೂರಕ್ಕಾದರೂ ಸರಿ ಎಂದು ಮಾರಲು ಕೂತವರನ್ನು ನಾನು ಮೊದಲು ಕಂಡದ್ದು ಈ ಆ್ಯಪುಗಳಲ್ಲೇ. ಕಾಯಿಲೆಗೆ ಒಳ್ಳೆಯ ದಿನ, ಕೆಟ್ಟ ದಿನ ಇರುತ್ತವೆ; ತಿಂಗಳ ಕರಾರಿಗೆ ಅದು ಅರ್ಥವಾಗುವುದಿಲ್ಲ, ಗಂಟೆಯ ಕರಾರಿಗೆ ಆಗುತ್ತದೆ. ತೊಂದರೆಯೆಂದರೆ ಪ್ರತಿ ಸಲ ಹೊಸ ಮುಖ. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿಯಬೇಡಿ, ಆ ಹೊಗೆ ಪುಪ್ಪುಸಕ್ಕೆ ವಿಷ ಎಂದು ಪ್ರತಿ ಸಲ ಮೊದಲಿನಿಂದ ಹೇಳಬೇಕು. ಪೊರಕೆ ಆಡಿಸುವ ಮೊದಲು ನೀರು ಚಿಮುಕಿಸಿ ಎನ್ನಬೇಕು. ಕಲಿಸುವುದೂ ಮೈಯಿಂದಲೇ ಹೋಗುವ ಶಕ್ತಿ.

ಆದರೆ ಆ 49 ರೂಪಾಯಿಯನ್ನು ಸ್ವಲ್ಪ ಹೊತ್ತು ನೋಡಿ. ಕೆಲಸ ಮಾಡುವವಳಿಗೆ ಅದರ ಮೂರುಪಟ್ಟಿಗೂ ಹೆಚ್ಚು ಕೊಡುತ್ತೇವೆ ಎಂದು ಕಂಪನಿಯೇ ಹೇಳಿತು. ನಡುವಿನ ಹಣ ಯಾರದು? ಬಂಡವಾಳ ಹೂಡಿದವರದು. ಎಂದರೆ, ಗುಡಿಸುವವಳಿಗೆ ಬದುಕುವಷ್ಟು ಕೂಲಿ, ಗುಡಿಸಿಕೊಳ್ಳುವವರಿಗೆ ಕೈಗೆಟಕುವ ದರ, ಎರಡೂ ಆಗಬೇಕಾದರೆ ಮೂರನೆಯವರೊಬ್ಬರು ಹಣ ಹಾಕಲೇಬೇಕು. ಮಧ್ಯಮವರ್ಗ ಇಷ್ಟು ವರ್ಷ ಒಪ್ಪದ ಸತ್ಯವನ್ನು ಒಂದು ಜಾಹೀರಾತು ಒಪ್ಪಿಕೊಂಡಿತು. ಮೊದಲು ಆ ಮೂರನೆಯವಳು ಮನೆಯ ಯಜಮಾನಿ, ಮೂಲೆಯ ಚಿಕ್ಕಮ್ಮ, ಊರಿನ ಹುಡುಗಿ. ಈಗ ಗ್ರಾಹಕರನ್ನು ಹಿಡಿಯುವವರೆಗೆ ಕಂಪನಿ. ನಾಳೆ?

ಮೆಡಿಕ್ಲೇಮ್ ಎಂದಿರಾ? ವಿಮೆ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ 68 ಬಾಬತ್ತುಗಳ ಒಂದು ಪಟ್ಟಿ ಇದೆ, ವಿಮೆ ಕಂಪನಿ ಬೇಕಿದ್ದರೆ ಕೊಡಬಹುದು, ಬೇಡವಾದರೆ ಬಿಡಬಹುದು. ಬಟ್ಟೆ ಒಗೆಯುವ ಖರ್ಚು, ಡೈಪರು, ಅಟೆಂಡೆಂಟಿನ ಸಂಬಳ ಎಲ್ಲವೂ ಆ ಪಟ್ಟಿಯಲ್ಲಿ, ಟಿವಿ ಮತ್ತು ಟೆಲಿಫೋನಿನ ಜೊತೆಗೆ. ರೋಗಿ ಮಲಗಿದ ಹೊದಿಕೆ ಒಗೆಯುವುದೂ ಟಿವಿ ನೋಡುವುದೂ ಒಂದೇ ತಕ್ಕಡಿಯಲ್ಲಿ. ಶುಚಿ ಎಂದರೆ ಐಷಾರಾಮ ಎಂಬ ರೂಢಿಯ ನಂಬಿಕೆ ಸರ್ಕಾರಿ ಕಾಗದದಲ್ಲಿ ಅಚ್ಚಾದ ರೂಪ ಇದು. ಅತ್ತ ಜರ್ಮನಿಯಲ್ಲಿ ಆಪರೇಶನ್ ಆಗಿ ಮನೆಗೆ ಬಂದು ಕಸ ಗುಡಿಸಲಾಗದವರಿಗೆ ಸಾರ್ವಜನಿಕ ಆರೋಗ್ಯ ವಿಮೆಯೇ ನಾಲ್ಕು ವಾರದವರೆಗೆ ಮನೆಗೆಲಸದವರ ಖರ್ಚು ಕೊಡುತ್ತದೆ. ದೀರ್ಘಕಾಲದ ಆರೈಕೆ ಬೇಕಾದವರಿಗೆ 2025ರಿಂದ ಇಂಥ ಸಹಾಯಕ್ಕೆಂದೇ ತಿಂಗಳಿಗೆ 131 ಯೂರೋ. ಜಪಾನಿನಲ್ಲಿ 2000ದಿಂದ ಜಾರಿಯಲ್ಲಿರುವ ಆರೈಕೆ ವಿಮೆಯಲ್ಲಿ ಗುಡಿಸುವುದು, ಒಗೆಯುವುದು ಸೇರಿವೆ, ರೋಗಿ ಕೊಡುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು. ಅಲ್ಲೂ ರೋಗಿಯ ಕೋಣೆ ಮಾತ್ರ, ಮನೆಯವರ ಕೋಣೆ ಅಲ್ಲ ಎಂಬ ಗಡಿ ಇದೆ. ನನ್ನ ಆಯಾ ಕೇಳಿದರೆ ಸಂತೋಷಪಟ್ಟಾಳು. ಆದರೆ ಆ ಗಡಿಯನ್ನು ಎಳೆದದ್ದು ಕಾಯ್ದೆ, ಮೈಲಿಗೆಯಲ್ಲ.

ಇಷ್ಟು ಹೇಳಿದರೆ "ಜರ್ಮನಿಯ ಮಾತು ಇಲ್ಲಿ ಬೇಡ, ನಾವು ಬಡ ದೇಶ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಡತನದ ಮಾತೇ ಆದರೆ ರೈಲು ಹಳಿ ದಾಟಿ ಪಶ್ಚಿಮಕ್ಕೆ, ನೆಹರೂ ನಗರದ ಝೋಪಡಪಟ್ಟಿಗೆ ಹೋಗಿ ನೋಡಬೇಕು. ಅಲ್ಲಿ ತಾಯಿ ಕೂಪರ್ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದರೆ ಬಾಯಿ ಇಟ್ಟುಕೊಳ್ಳಿ ಎಂದು ಯಾರೂ ಹೇಳುವುದಿಲ್ಲ. ಶಾಲೆ ಬಿಟ್ಟು ಮನೆಯಲ್ಲಿ ಉಳಿಯುವ ಹಿರಿ ಮಗಳೇ ಬಾಯಿ. ನನ್ನ ಮನೆಗೆ ಬರುವವಳು ಕಳೆದ ಮಾರ್ಚಿನಲ್ಲಿ ಗರ್ಭಕೋಶದ ಆಪರೇಶನ್ ಮಾಡಿಸಿಕೊಂಡಾಗ ಅವಳ ಮನೆಯಲ್ಲೂ ಅದೇ ಆಯಿತು. "ಸಾಲಿಗಿ ಹೋಗು" ಎಂದು ಫೋನಿನಲ್ಲಿ ಕೂಗುತ್ತಿದ್ದಳಲ್ಲ, ಆ ಹುಡುಗಿಗೆ ಒಂಬತ್ತನೆಯ ತರಗತಿಯ ಪರೀಕ್ಷೆ ತಪ್ಪಿತು. ತಾಯಿ ಮಲಗಿದ್ದ ಆರು ವಾರ ನನ್ನ ಮನೆಗೆ ಬದಲಿಯಾಗಿ ಬಂದವಳೂ ಆ ಹುಡುಗಿಯೇ ಎಂದು ನನಗೆ ಗೊತ್ತಾದದ್ದು ತಡವಾಗಿ. ತಲೆಗೆ ಓಢಣಿ ಸುತ್ತಿಕೊಂಡು ಬರುತ್ತಿದ್ದಳು, ಕೇಳಿದರೆ ಹದಿನೆಂಟು ಎನ್ನುತ್ತಿದ್ದಳು. ನಾನು ನಂಬಿದೆ, ನಂಬಿದರೆ ಅನುಕೂಲವಾಗಿತ್ತು.

ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವುದು ಹೊಸ ವಿದ್ಯೆಯಲ್ಲ. ಮೊಗವೀರರ ಮಂಡಳಿ 1902ರದು, ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಶಾಲೆ, ವಿದ್ಯಾರ್ಥಿವೇತನ, ಯಕ್ಷಗಾನ, ಆಸ್ಪತ್ರೆಯ ಬಿಲ್ಲಿಗೆ ನೆರವು, ಈ ಊರಿನ ನಮ್ಮ ಸಂಘಗಳು ಮಾಡದ್ದಿಲ್ಲ. ಆದರೆ ನಾನು ಕಂಡ ನೆರವಿನ ಅರ್ಜಿಗಳಲ್ಲೆಲ್ಲ ಆಸ್ಪತ್ರೆಯ ಬಿಲ್ಲು ಲಗತ್ತಿಸಿ ಎಂದಿರುತ್ತದೆ. ಕಾಯಿಲೆ ಎಂದರೆ ಆಸ್ಪತ್ರೆಯಲ್ಲಿ ನಡೆಯುವುದು ಎಂಬ ನಂಬಿಕೆ. ನನ್ನದು ಆರು ವರ್ಷದಲ್ಲಿ ಆಸ್ಪತ್ರೆಯಲ್ಲಿ ನಡೆದದ್ದು ಹನ್ನೊಂದು ದಿನ, ಉಳಿದದ್ದೆಲ್ಲ ಅಡುಗೆಮನೆಯಲ್ಲಿ.

ಹಾಗಾಗಿ ಕಳೆದ ವರ್ಷ ನಾನು ತೀರ ಸಣ್ಣ ಜಾಗದಿಂದ ಶುರುಮಾಡಿದೆ, ನಮ್ಮದೇ ಹೌಸಿಂಗ್ ಸೊಸೈಟಿಯಿಂದ. ಸೊಸೈಟಿಯ ಉಪವಿಧಿಗಳಲ್ಲಿ ಸಿಂಕಿಂಗ್ ಫಂಡ್ ಎಂದೊಂದಿದೆ. ಕಟ್ಟಡಕ್ಕೆ ಮುಪ್ಪು ಬರುತ್ತದೆಂದು ಮೊದಲೇ ಎಣಿಸಿ, ಕಟ್ಟಿದ ಖರ್ಚಿನ ಶೇ. 0.25ನ್ನು ವರ್ಷವರ್ಷ ಎತ್ತಿಡುವುದು. ಸಿಮೆಂಟಿನ ಮುಪ್ಪಿಗೆ ಇಷ್ಟು ಮುಂದಾಲೋಚನೆ ಇರುವವರು ಒಳಗಿರುವವರ ಮುಪ್ಪಿಗೂ ಸ್ವಲ್ಪ ಎತ್ತಿಡಬಹುದಲ್ಲ ಎಂದು ಅರ್ಜಿ ಬರೆದೆ. ಹದಿನಾರು ಮನೆ, ತಲಾ ತಿಂಗಳಿಗೆ 600 ರೂಪಾಯಿ. ಅದರಲ್ಲಿ ಒಬ್ಬಳಿಗೆ ಸಂಬಳದ ರಜೆಯೂ ಸೇರಿ ದಿನಕ್ಕೆ ಮೂರು ಗಂಟೆಯ ಕೆಲಸ. ಹತ್ತು ಗಂಟೆಯ ಮೇಲೆ ಬರಲಿ, ಆ ತಿಂಗಳು ಯಾರ ಮನೆಯಲ್ಲಿ ಕಾಯಿಲೆಯೋ ಆ ಮನೆಗೆ ಹೋಗಲಿ. ಏನೂ ಕೆಲಸವಿಲ್ಲದ ತಿಂಗಳು ಮೆಟ್ಟಿಲು ಒರೆಸಲಿ, ಸಂಬಳ ನಿಲ್ಲದಿರಲಿ. ಹದಿನಾರು ಮನೆಯಲ್ಲಿ ಒಂಬತ್ತರಲ್ಲಿ ಎಪ್ಪತ್ತು ದಾಟಿದವರಿದ್ದಾರೆ, ಇಬ್ಬರದು ಡಯಾಲಿಸಿಸ್. ಅರ್ಜಿಯನ್ನು ಎರಡು ಬೆರಳಿನಲ್ಲಿ ಟೈಪ್ ಮಾಡಿದ್ದು, ತಪ್ಪುಗಳಿದ್ದವು.

ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಅದನ್ನು 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯ'ದ ಕೆಳಗೆ ಹಾಕಿದರು. ಅದಕ್ಕೂ ಮೊದಲಿನ ವಿಷಯ ಪಾರಿವಾಳದ ಬಲೆ. ಆಗಸ್ಟಿನಲ್ಲಷ್ಟೇ ದಾದರಿನ ಕಬೂತರ್‌ಖಾನೆಯನ್ನು, ಪಾರಿವಾಳಗಳಿಗೆ ಕಾಳು ಹಾಕುವ ಜಾಗವನ್ನು, ತಾಡಪತ್ರಿ ಹಾಕಿ ಮುಚ್ಚಿದ್ದರಿಂದ ಎಲ್ಲರಿಗೂ ಪಾರಿವಾಳದ ಹಿಕ್ಕೆಯಿಂದ ಬರುವ ಪುಪ್ಪುಸದ ಕಾಯಿಲೆಯ ಬಗ್ಗೆ ಗೊತ್ತಿತ್ತು, ಎಲ್ಲರಿಗೂ ಅಭಿಪ್ರಾಯವಿತ್ತು. ಬಲೆಯ ಬಣ್ಣ ಹಸಿರೋ ಬಿಳಿಯೋ ಎಂದು ಮುಕ್ಕಾಲು ಗಂಟೆ ನಡೆಯಿತು. ಪ್ರತಿ ಮನೆಗೆ ನಾಲ್ಕು ಸಾವಿರ, ಸರ್ವಾನುಮತ. ನನ್ನ ಸರದಿ ಬರುವಾಗ ಬಟಾಟೆವಡೆ ಬಂತು. ಎರಡನೆಯ ಮಹಡಿಯವರು, "ಐಡಿಯಾ ಚೆನ್ನಾಗಿದೆ, ಆದರೆ ಮುಂಬಯಿಯಲ್ಲಿ ಬಾಯಿಗಳಿಗೇನು ಬರವೇ?" ಎಂದರು. ಸೆಕ್ರೆಟರಿ ಮುಂದಿನ ಸಭೆಗೆ ಎಂದು ಬರೆದುಕೊಂಡರು. ವಡೆಯ ತಟ್ಟೆಗಳನ್ನು ಎತ್ತಿ, ಸಭೆಯ ಕೋಣೆಯನ್ನು ಗುಡಿಸಿದವಳು ನನ್ನ ಮನೆಗೆ ಬರುವವಳೇ. ಆ ಒಂದು ಗಂಟೆಗೆ ಅವಳಿಗೆ ಏನು ಕೊಡಬೇಕೆಂದು ನಿರ್ಣಯ ಪುಸ್ತಕದಲ್ಲಿ ಬರೆದಿರಲಿಲ್ಲ, ನಾಲ್ಕು ವಡೆ ಪೇಪರಿನಲ್ಲಿ ಕಟ್ಟಿಕೊಟ್ಟರು.